ನೋವಿನ ಗುಳಿಗೆಯೂ ಅಕಾಲದ ಹಾಲೂ

ತಲೆನೋವಿಗೆಂದು ವಾರದಲ್ಲಿ ಎರಡು ಮೂರು ಸಲ ಐಬುಪ್ರೊಫೆನ್ ಗುಳಿಗೆಯನ್ನು ನುಂಗುವ ಅಭ್ಯಾಸವಿರುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಆಕೆ ಗರ್ಭಿಣಿಯಲ್ಲ, ಮಗುವಿಗೆ ಹಾಲೂಡಿಸುವ ತಾಯಿಯೂ ಅಲ್ಲ. ಹೀಗಿದ್ದರೂ ಒಂದು ದಿನ ಆಕೆಯ ಸ್ತನಗಳಿಂದ ಹಾಲು ಒಸರುತ್ತದೆ. ಇಂಥ ಸಂಗತಿಯನ್ನು ಹೆತ್ತ ತಾಯಿಯ ಮುಂದೆ ಹೇಳುವುದಕ್ಕೂ ನಮ್ಮ ಹುಡುಗಿಯರು ಹಿಂಜರಿಯುತ್ತಾರೆ. ಆಕೆ ತನ್ನಷ್ಟಕ್ಕೆ ತಾನೇ ಯೋಚಿಸಿ, ಈಚೆಗೆ ತಾನು ಹೊಸದಾಗಿ ಸೇವಿಸಿದ್ದು ಆ ಗುಳಿಗೆಯೊಂದೇ, ಆದುದರಿಂದ ಇದು ಅದರದೇ ಕೆಲಸ ಎಂದು ತೀರ್ಮಾನಿಸುತ್ತಾಳೆ. ಆ ತೀರ್ಮಾನ ಸರಿಯೆ? ಸರಿಯೆಂದಾಗಲಿ ತಪ್ಪೆಂದಾಗಲಿ ನಾವು ಹೇಳುವುದು ಯಾವ ಆಧಾರದ ಮೇಲೆ?

ಪ್ರಶ್ನೆ ವೈದ್ಯಶಾಸ್ತ್ರದ್ದು, ಈ ಲೇಖಕನು ಭೌತವಿಜ್ಞಾನವನ್ನು ಪಾಠ ಹೇಳುವವನು. ಆದರೆ 'ಇದರಿಂದ ಅದು ಆಯಿತು' ಎಂದು ಯಾವಾಗ ಹೇಳಬಹುದು ಎಂಬ ತೊಡಕು ಎಲ್ಲ ವಿಜ್ಞಾನಗಳಿಗೂ ಒಂದೇ ಆದುದರಿಂದ ಇದನ್ನು ಬಿಡಿಸಿ ನೋಡುವ ಅಧಿಕಾರ ನಮಗೂ ಉಂಟು.

ಕಾಲವಲ್ಲದ ಕಾಲದಲ್ಲಿ ಹಾಲು ಬರುವುದಕ್ಕೆ ವೈದ್ಯರು ಗೆಲಾಕ್ಟೊರಿಯ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಗಾಲಾ' ಎಂದರೆ ಹಾಲು. (ಆಕಾಶದ ಕ್ಷೀರಪಥಕ್ಕೆ ಪಶ್ಚಿಮದವರು ಗೆಲಾಕ್ಸಿ ಎಂದು ಹೆಸರಿಟ್ಟದ್ದೂ ಇದೇ ಮಾತಿನಿಂದ.) ನಾವು ಇದನ್ನು ಅಕಾಲಸ್ತನ್ಯ ಎಂದು ಕರೆಯೋಣ. ಇದು ತಾನಾಗಿ ಒಂದು ರೋಗವಲ್ಲ. ಒಳಗಿನ ಯಾವುದೋ ಬದಲಾವಣೆಯ ಚಿಹ್ನೆ. ಹೆಂಗಸರಲ್ಲಿ ಹೆಚ್ಚಾದರೂ ಗಂಡಸರಲ್ಲಿಯೂ ಅಪೂರ್ವವಾಗಿ ಕಾಣುವುದುಂಟು. ಹುಟ್ಟಿದ ಕೂಸುಗಳಲ್ಲಿ, ಗಂಡಾಗಲಿ ಹೆಣ್ಣಾಗಲಿ, ಕೆಲವು ದಿನ ಒಂದೆರಡು ಹನಿ ಹಾಲು ಬರುವುದಂತೂ ಸಾಮಾನ್ಯವೇ. ತಾಯಿಯ ರಕ್ತದಿಂದ ಬಂದ ಹಾರ್ಮೋನುಗಳ ಪ್ರಭಾವ ಅದು, ತಾನೇ ನಿಲ್ಲುತ್ತದೆ. ಅದನ್ನು ಹಿಂಡಿ ತೆಗೆಯಬೇಕೆಂಬ ರೂಢಿ ಕೆಲವು ಮನೆಗಳಲ್ಲಿದೆ. ಹಿಂಡಿದರೆ ಕೀವಾಗುವ ಅಪಾಯವುಂಟು.

ಹಾಲು ಉತ್ಪತ್ತಿಯಾಗುವ ಕ್ರಮವನ್ನು ಮೊದಲು ತಿಳಿಯದೆ ಗುಳಿಗೆಯ ಮೇಲೆ ವಿಚಾರಣೆ ನಡೆಸುವುದು ಸಾಧ್ಯವಿಲ್ಲ. ಮಿದುಳಿನ ತಳದಲ್ಲಿ ಕಡಲೆಕಾಳಿನ ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯಿದೆ. 1928ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಸ್ಟ್ರಿಕರ್ ಮತ್ತು ಗ್ರೂಟರ್ ಎಂಬವರು ಈ ಗ್ರಂಥಿಯ ಸಾರವನ್ನು ಮೊಲಗಳಿಗೆ ಚುಚ್ಚಿ ಹಾಲು ಬರುವುದನ್ನು ಕಂಡರು. 1933ರಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಅವನ ಸಹೋದ್ಯೋಗಿಗಳು ಆ ಸಾರದಲ್ಲಿರುವ ಹಾರ್ಮೋನಿಗೆ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. ಅವರು ಪರೀಕ್ಷಿಸಿದ್ದು ಪಾರಿವಾಳಗಳನ್ನು! ಪಾರಿವಾಳಗಳು, ಗಂಡೂ ಹೆಣ್ಣೂ, ತಮ್ಮ ಮೇವಿನ ಚೀಲದ ಒಳಪದರದಿಂದ ಗಟ್ಟಿಹಾಲಿನಂಥ ಪದಾರ್ಥವನ್ನು ಸುರಿಸಿ ಮರಿಗಳಿಗೆ ಉಣಿಸುತ್ತವೆ. ಆ ಪದರವನ್ನು ಬೆಳೆಸುವ ಹಾರ್ಮೋನೇ ಮೊಲದಲ್ಲಿ ಹಾಲು ತರಿಸಿದ ಹಾರ್ಮೋನೂ ಆಗಿದ್ದಿತು.

ಪಿಟ್ಯುಟರಿಯ ಇತರ ಹಾರ್ಮೋನುಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇತರವು ಮಿದುಳಿನಿಂದ 'ಸುರಿ' ಎಂಬ ಆಜ್ಞೆ ಬಂದಾಗ ಮಾತ್ರ ಸುರಿಯುತ್ತವೆ. ಪ್ರೊಲ್ಯಾಕ್ಟಿನ್ ಹಾಗಲ್ಲ. 1954ರಲ್ಲಿ ಜಾನ್ ಎವರೆಟ್ ಎಂಬ ಅಮೆರಿಕದ ವಿಜ್ಞಾನಿ ಹೆಣ್ಣು ಇಲಿಗಳ ಪಿಟ್ಯುಟರಿಯನ್ನು ಅದರ ಸ್ಥಾನದಿಂದ ಕಿತ್ತು, ಅದೇ ಇಲಿಯ ಮೂತ್ರಪಿಂಡದ ಪೊರೆಯ ಕೆಳಗೆ ನೆಟ್ಟನು. ಮಿದುಳಿನ ಸಂಪರ್ಕ ಕಡಿದುಹೋದಮೇಲೆ ಗ್ರಂಥಿಯ ಕೆಲಸವೆಲ್ಲ ಕುಂದಬೇಕಾಗಿದ್ದಿತು. ಇತರ ಹಾರ್ಮೋನುಗಳ ವಿಷಯದಲ್ಲಿ ಹಾಗೆಯೇ ಆಯಿತು. ಪ್ರೊಲ್ಯಾಕ್ಟಿನ್ ಮಾತ್ರ ನಿಲ್ಲದೆ ಸುರಿಯುತ್ತಲೇ ಇದ್ದಿತು! ಎಂದರೆ, ಮಿದುಳು ಇದನ್ನು ಹುರಿದುಂಬಿಸುತ್ತಿರಲಿಲ್ಲ, ಹಗಲಿರುಳೂ ಹತ್ತಿಕ್ಕಿ ಹಿಡಿದಿದ್ದಿತು ಎಂದಾಯಿತು. ತುಂಬಿದ ಕೆರೆಯ ತೂಬಿಗೆ ಬೆಣೆ ಬಡಿದಿಟ್ಟ ಹಾಗೆ. ಬೆಣೆ ಸಡಿಲವಾದರೆ ನೀರನ್ನು ಯಾರೂ ಕರೆಯಬೇಕಾಗಿಲ್ಲ. ಅದು ತಾನೇ ಹರಿಯುತ್ತದೆ.

ಈ ಬೆಣೆ ಡೋಪಮೀನ್ ಎಂಬ ಸಣ್ಣ ರಾಸಾಯನಿಕವೆಂದು ಮುಂದಿನ ಸಂಶೋಧನೆಯಿಂದ ತಿಳಿದುಬಂದಿತು. ಮಿದುಳಿನ ಹೈಪೊಥಲಮಸ್ ಭಾಗದಲ್ಲಿ ಹುಟ್ಟಿ, ಕಿರಿದಾದ ರಕ್ತನಾಳಗಳಲ್ಲಿ ಇಳಿದು ಪಿಟ್ಯುಟರಿಯನ್ನು ಸೇರಿ, ಅಲ್ಲಿಯ ಜೀವಕೋಶಗಳಿಗೆ ಅಂಟಿಕೊಂಡು ಪ್ರೊಲ್ಯಾಕ್ಟಿನ್ ಹೊರಬೀಳದಂತೆ ತಡೆಯುತ್ತದೆ. ಮಗು ಮೊಲೆ ಚೀಪಿದಾಗ ಎದೆಯ ನರಗಳ ಮೂಲಕ ಸುದ್ದಿ ಮಿದುಳಿಗೆ ಮುಟ್ಟಿ ಬೆಣೆ ಸಡಿಲುತ್ತದೆ. ಬೇರೆ ದಿಕ್ಕಿನಿಂದ ಒತ್ತಡ ಬೀಳುವುದೂ ಉಂಟು: ಈಸ್ಟ್ರೊಜೆನ್ ಹೆಚ್ಚಾದರೆ, ಅಥವಾ ಥೈರಾಯ್ಡ್ ಗ್ರಂಥಿ ಸೋತು ಅದನ್ನು ಎಬ್ಬಿಸಲು ಮಿದುಳು ಕಳುಹಿಸುವ ಹಾರ್ಮೋನು ಹೆಚ್ಚಾದರೆ, ಪ್ರೊಲ್ಯಾಕ್ಟಿನ್ನೂ ಏರುತ್ತದೆ.

ಇಷ್ಟು ಸೂಕ್ಷ್ಮವಾದ ಪದಾರ್ಥವನ್ನು ಅಳೆದವರು ಯಾರು ಎಂಬ ಕಥೆಯಲ್ಲಿ ನಮ್ಮ ಭೌತವಿಜ್ಞಾನಕ್ಕೂ ಪಾಲಿದೆ. ಆದುದರಿಂದ ಇಲ್ಲಿ ಸ್ವಲ್ಪ ನಿಲ್ಲುವುದಕ್ಕೆ ಓದುಗರು ಅನುಮತಿ ಕೊಡಬೇಕು. ಸಾಮಾನ್ಯ ಹೆಂಗಸಿನ ಒಂದು ಮಿಲಿಲೀಟರ್ ರಕ್ತದ್ರವದಲ್ಲಿರುವ ಪ್ರೊಲ್ಯಾಕ್ಟಿನ್ ಸುಮಾರು 25 ನ್ಯಾನೊಗ್ರಾಮಿಗಿಂತ ಕಡಮೆ. ನ್ಯಾನೊಗ್ರಾಮ್ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಯಾವ ತಕ್ಕಡಿ ಇದನ್ನು ತೂಗೀತು? ಪರಮಾಣು ಭೌತವಿಜ್ಞಾನದಲ್ಲಿ ಪದವಿ ಪಡೆದ ರೊಸಾಲಿನ್ ಯಾಲೋ ಎಂಬ ಮಹಿಳೆ ವೈದ್ಯ ಸಾಲೊಮನ್ ಬರ್ಸನ್ ಅವರೊಡನೆ 1950ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರತಿಕಾಯಗಳನ್ನು ಒಂದು ಗೊತ್ತಾದ ಸಂಖ್ಯೆಯಲ್ಲಿ ಇಡಬೇಕು; ಬಸ್ಸಿನಲ್ಲಿರುವ ಆಸನಗಳು ಎಂದುಕೊಳ್ಳಿ. ವಿಕಿರಣಶೀಲ ಅಯೋಡೀನಿನ ಗುರುತು ಹಚ್ಚಿದ ಹಾರ್ಮೋನಿನ ಅಣುಗಳನ್ನೂ ರೋಗಿಯ ರಕ್ತದಲ್ಲಿರುವ ಗುರುತಿಲ್ಲದ ಅಣುಗಳನ್ನೂ ಒಟ್ಟಿಗೆ ಹತ್ತಿಸಬೇಕು. ರೋಗಿಯ ರಕ್ತದಲ್ಲಿ ಹಾರ್ಮೋನು ಹೆಚ್ಚಾದಷ್ಟೂ ಗುರುತಿನವರಿಗೆ ಆಸನ ಸಿಕ್ಕುವುದು ಕಡಮೆ. ಆಸನದಲ್ಲಿ ಕುಳಿತವರ ವಿಕಿರಣವನ್ನು ಎಣಿಸಿದರೆ ಲೆಕ್ಕ ಸಿಕ್ಕಿತು. ಈ ಕಾರ್ಯಕ್ಕೆ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಹುಮಾನ ಬಂದಿತು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಮನುಷ್ಯನಲ್ಲಿ ಪ್ರೊಲ್ಯಾಕ್ಟಿನ್ ಬೆಳವಣಿಗೆಯ ಹಾರ್ಮೋನಿಗಿಂತ ಬೇರೆಯಾದ ವಸ್ತುವೇ ಹೌದೆ ಎಂಬ ಸಂಶಯ 1970ರವರೆಗೂ ಉಳಿದಿದ್ದಿತು. 1970-71ರಲ್ಲಿ ಅಮೆರಿಕ ಮತ್ತು ಕೆನಡಗಳ ಸಂಶೋಧಕರು ಅದನ್ನು ಬೇರ್ಪಡಿಸಿ ಗುರುತಿಸಿದರು; ಕೆನಡದ ಹೆನ್ರಿ ಫ್ರೀಸನ್ ತಂಡ ಈ ವಿಕಿರಣ ವಿಧಾನದಿಂದಲೇ ಅಳೆಯುವ ದಾರಿಯನ್ನು ಮಾಡಿತು. ಅಂದಿನಿಂದ ಅಕಾಲಸ್ತನ್ಯ ಊಹೆಯ ವಿಷಯವಾಗಿ ಉಳಿಯದೆ ಅಳತೆಯ ವಿಷಯವಾಯಿತು.

ಇನ್ನು ಔಷಧಿಗಳ ಮಾತು. ಬೆಣೆಯನ್ನು ಕೀಳುವ ಔಷಧಿಗಳು ನಿಜವಾಗಿಯೂ ಇವೆ, ಈ ವಿಷಯದಲ್ಲಿ ಸಂಶಯವಿಲ್ಲ. ಅವುಗಳಲ್ಲಿ ಒಂದು ನಮ್ಮ ದೇಶದ್ದೇ. ಸರ್ಪಗಂಧಿಯ ಬೇರು ರಕ್ತದ ಒತ್ತಡವನ್ನು ತಗ್ಗಿಸುವುದೆಂದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಗಮನ ಅದರತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಅದರಿಂದ ರೆಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಿದರು. ಮಿದುಳಿನಲ್ಲಿ ಶೇಖರವಾಗಿರುವ ಡೋಪಮೀನನ್ನು ಅದು ಬರಿದು ಮಾಡುತ್ತದೆ. ಅದನ್ನು ಸೇವಿಸಿದ ಕೆಲವು ಹೆಂಗಸರಲ್ಲಿ ಹಾಲು ಕಾಣಿಸಿಕೊಂಡಿತು. ಮನೋರೋಗಕ್ಕೆ ಕೊಡುವ ಕ್ಲೋರ್‌ಪ್ರೊಮಜೀನ್, ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್, ಡೊಂಪೆರಿಡೋನ್ ಇವೆಲ್ಲ ಡೋಪಮೀನ್ ಕೂರಬೇಕಾದ ಸ್ಥಳದಲ್ಲಿ ತಾವು ಕುಳಿತು ಅದಕ್ಕೆ ಎಡೆಗೊಡುವುದಿಲ್ಲ. ಡೊಂಪೆರಿಡೋನಿನ ರೀತಿ ಸ್ವಾರಸ್ಯವಾದದ್ದು. ಅದು ರಕ್ತದಿಂದ ಮಿದುಳಿನೊಳಕ್ಕೆ ಸುಲಭವಾಗಿ ದಾಟುವುದಿಲ್ಲ. ಆ ಕಾರಣದಿಂದಲೇ ಅದನ್ನು ಒಳ್ಳೆಯ ಔಷಧಿಯೆಂದು ಬಗೆದರು. ಆದರೆ ಪಿಟ್ಯುಟರಿ ಮಿದುಳಿನ ಆ ಕೋಟೆಗೋಡೆಯ ಹೊರಗಿದೆ! ಹೀಗಾಗಿ ಮಿದುಳನ್ನು ಬಿಟ್ಟ ಔಷಧಿ ಪ್ರೊಲ್ಯಾಕ್ಟಿನ್ನನ್ನು ಬಿಡಲಿಲ್ಲ.

ನೋವು ನಿವಾರಕಗಳಲ್ಲಿ ಎರಡು ಕುಲಗಳಿವೆ. ಅಫೀಮಿನ ಕುಲದವು ಮಾರ್ಫೀನ್, ಕೋಡೀನ್ ಮೊದಲಾದುವು. ಇವು ಮಿದುಳಿನಲ್ಲಿ ಡೋಪಮೀನ್ ಹೊರಬೀಳುವುದನ್ನು ಕಡಮೆ ಮಾಡಿ ಪ್ರೊಲ್ಯಾಕ್ಟಿನ್ನನ್ನು ಏರಿಸುತ್ತವೆ. ಇವುಗಳ ಮೇಲಿನ ಆರೋಪಕ್ಕೆ ಆಧಾರವಿದೆ. ಇನ್ನೊಂದು ಆಸ್ಪಿರಿನ್ ಮತ್ತು ಐಬುಪ್ರೊಫೆನ್‌ಗಳ ಕುಲ. ಐಬುಪ್ರೊಫೆನನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಬೂಟ್ಸ್ ಕಂಪನಿಯ ಸ್ಟೂವರ್ಟ್ ಆಡಮ್ಸ್ ಮತ್ತು ಅವರ ಜೊತೆಗಾರರು ಸಿದ್ಧಪಡಿಸಿದರು. 1969ರಲ್ಲಿ ಅದು ಅಲ್ಲಿ ಬಳಕೆಗೆ ಬಂದಿತು. ಗಾಯಗೊಂಡ ಜಾಗದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳು ಹುಟ್ಟಿ ನೋವನ್ನೂ ಊತವನ್ನೂ ಹೆಚ್ಚಿಸುತ್ತವೆ; ಆಸ್ಪಿರಿನ್ ಬಗೆಯ ಔಷಧಿಗಳು ಅವುಗಳ ಉತ್ಪತ್ತಿಯನ್ನೇ ತಡೆಯುತ್ತವೆ ಎಂದು 1971ರಲ್ಲಿ ಜಾನ್ ವೇನ್ ತೋರಿಸಿದರು.

ಈ ಕೆಲಸದಲ್ಲಿ ಡೋಪಮೀನಿನ ಹೆಸರೇ ಬರಲಿಲ್ಲವೆಂಬುದನ್ನು ಗಮನಿಸಬೇಕು. ಅಷ್ಟೇ ಅಲ್ಲ: ಇಲಿಗಳ ಮಿದುಳಿಗೆ ಪ್ರೋಸ್ಟಗ್ಲಾಂಡಿನ್ ಕೊಟ್ಟಾಗ ಪ್ರೊಲ್ಯಾಕ್ಟಿನ್ ಏರಿದುದು ಪ್ರಯೋಗಗಳಲ್ಲಿ ಕಂಡಿದೆ. ಹಾಗಿದ್ದರೆ ಪ್ರೋಸ್ಟಗ್ಲಾಂಡಿನನ್ನು ತಡೆಯುವ ಗುಳಿಗೆ ಪ್ರೊಲ್ಯಾಕ್ಟಿನ್ನನ್ನು ಇಳಿಸಬೇಕೇ ಹೊರತು ಏರಿಸುವುದಕ್ಕೆ ಕಾರಣವಿಲ್ಲ. ಅಕಾಲಸ್ತನ್ಯ ತರುವ ಔಷಧಿಗಳೆಂದು ವೈದ್ಯಗ್ರಂಥಗಳು ಸಾಮಾನ್ಯವಾಗಿ ಕೊಡುವ ಪಟ್ಟಿಗಳಲ್ಲಿ ಐಬುಪ್ರೊಫೆನ್ ಇಲ್ಲ. ಆದರೆ ಕಾರ್ಯವಿಧಾನ ಕಾಣಲಿಲ್ಲವೆಂಬಷ್ಟರಿಂದಲೇ ಆರೋಪಿಯನ್ನು ಬಿಡುಗಡೆ ಮಾಡುವುದು ವಿಜ್ಞಾನದ ರೀತಿಯಲ್ಲ; ಆಸ್ಪಿರಿನ್ 1899ರಿಂದ ಮಾರಾಟವಾಗುತ್ತಿದ್ದರೂ ಅದು ನೋವನ್ನು ಹೇಗೆ ಕಳೆಯುತ್ತದೆಂದು ತಿಳಿಯಲು ಎಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಸಾಕ್ಷ್ಯವನ್ನೂ ನೋಡಬೇಕು.

ಸಾಕ್ಷ್ಯ ಬರುವುದು ದೂರುಗಳ ರೂಪದಲ್ಲಿ. ಥಾಲಿಡೊಮೈಡ್ ಎಂಬ ಔಷಧಿಯಿಂದ ಸಾವಿರಾರು ಕೂಸುಗಳು ಅಂಗಹೀನವಾಗಿ ಹುಟ್ಟಿದವೆಂಬುದು 1961ರಲ್ಲಿ ಬಯಲಾದ ಮೇಲೆ ಅನೇಕ ದೇಶಗಳು ಔಷಧಿಗಳ ದುಷ್ಪರಿಣಾಮದ ದೂರುಗಳನ್ನು ಒಂದೆಡೆ ಕೂಡಿಡಲು ಆರಂಭಿಸಿದುವು. ಲಕ್ಷೋಪಲಕ್ಷ ದೂರುಗಳಿರುವ ಇಂಥ ರಾಶಿಯಲ್ಲಿ ಹುಡುಕಿದರೆ ಯಾವ ಔಷಧಿಗೂ ಯಾವ ತೊಂದರೆಗೂ ಜೊತೆ ಸಿಕ್ಕೀತು. ಜೊತೆ ಸಿಕ್ಕಿದ್ದೇ ಸಂಬಂಧವೆ?

ನಮ್ಮ ಪ್ರಯೋಗಶಾಲೆಯಲ್ಲಿ ಗೈಗರ್ ಎಣಿಕೆಯಂತ್ರವನ್ನು ಮೊದಲ ಬಾರಿ ಕೈಗೆತ್ತಿಕೊಂಡ ವಿದ್ಯಾರ್ಥಿ ಅದರ ಮುಂದೆ ಏನೂ ಇಡದಿದ್ದರೂ ಅದು ಟಕ್ ಟಕ್ ಎನ್ನುವುದನ್ನು ಕೇಳಿ ಬೆರಗಾಗುತ್ತಾನೆ. ಆಕಾಶದಿಂದಲೂ ಗೋಡೆಯ ಕಲ್ಲಿನಿಂದಲೂ ಬರುವ ವಿಕಿರಣ ಅದು. ಈ ಹಿನ್ನೆಲೆಯ ಎಣಿಕೆಯನ್ನು ಕಳೆಯದೆ ಬರೆದ ಫಲಿತಾಂಶಕ್ಕೆ ನಾವು ಅಂಕ ಕೊಡುವುದಿಲ್ಲ. ಇಲ್ಲಿಯೂ ಅದೇ ಮಾತು. ಒಂದು ಕೋಟಿ ಹೆಂಗಸರು ಈ ತಿಂಗಳಲ್ಲಿ ಒಮ್ಮೆಯಾದರೂ ಐಬುಪ್ರೊಫೆನ್ ನುಂಗಿದರೆನ್ನೋಣ. ಗುಳಿಗೆಯ ಸಂಬಂಧವೇ ಇಲ್ಲದೆ ಬೇರೆ ಕಾರಣಗಳಿಂದ ಲಕ್ಷಕ್ಕೆ ಒಬ್ಬಳಲ್ಲಿ ಈ ತಿಂಗಳು ಅಕಾಲಸ್ತನ್ಯ ಮೊದಲ ಬಾರಿಗೆ ತೋರಿತೆನ್ನೋಣ. (ಎರಡು ಅಂಕಗಳೂ ಲೆಕ್ಕಕ್ಕಾಗಿ ಊಹಿಸಿದವು.) ಗುಳಿಗೆ ಸಂಪೂರ್ಣ ನಿರಪರಾಧಿಯಾಗಿದ್ದರೂ ನೂರು ಮಂದಿ ಅದರ ಮೇಲೆ ದೂರು ಕೊಡಬಹುದು, ಪ್ರಾಮಾಣಿಕವಾಗಿಯೇ. ಔಷಧಿ ಎಷ್ಟು ಜನಪ್ರಿಯವೋ ಅದರ ಮೇಲಿನ ಕಾಕತಾಳೀಯ ದೂರುಗಳೂ ಅಷ್ಟು ಹೆಚ್ಚು. ಆದುದರಿಂದ ತಿಳಿದವರು ದೂರುಗಳ ಸಂಖ್ಯೆಯನ್ನು ನೋಡುವುದಿಲ್ಲ. ಆ ಔಷಧಿಯ ಒಟ್ಟು ದೂರುಗಳಲ್ಲಿ ಹಾಲಿನ ದೂರಿನ ಪಾಲು ಎಷ್ಟು, ಮಿಕ್ಕ ಔಷಧಿಗಳಲ್ಲಿ ಎಷ್ಟು ಎಂದು ಹೋಲಿಸುತ್ತಾರೆ. ಈ ಹೋಲಿಕೆಯಲ್ಲಿ ರಿಸ್ಪೆರಿಡೋನ್ ಗುಂಪಿನಿಂದ ಎದ್ದು ನಿಲ್ಲುತ್ತದೆ.

ಹಿನ್ನೆಲೆಯನ್ನು ಕಳೆದ ಮೇಲೂ ಒಂದು ಬಲೆ ಉಳಿದಿರುತ್ತದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ನೋವಿನ ಗುಳಿಗೆಯನ್ನು ಜನ ಸುಮ್ಮನೆ ನುಂಗುವುದಿಲ್ಲ, ನೋವಿಗಾಗಿ ನುಂಗುತ್ತಾರೆ. ಆ ನೋವು ಎಲ್ಲಿಂದ ಬಂದಿತು? ಮೊದಲು ಹೇಳಿದ ವಿದ್ಯಾರ್ಥಿನಿಗೆ ತಲೆನೋವು. ಪಿಟ್ಯುಟರಿಯಲ್ಲಿ ಪ್ರೊಲ್ಯಾಕ್ಟಿನ್ ಸುರಿಸುವ ಗಂತಿಯೊಂದು ಬೆಳೆಯುತ್ತಿದ್ದರೆ ತಲೆನೋವು ಬರಬಹುದು, ತಿಂಗಳ ಮುಟ್ಟು ತಪ್ಪಬಹುದು, ಹಾಲೂ ಕಾಣಿಸಬಹುದು. ತಲೆನೋವು ಮೊದಲು ಬಂದಿತು, ಗುಳಿಗೆ ಆಮೇಲೆ, ಹಾಲು ಕೊನೆಗೆ. ನೋಡುವವರಿಗೆ ಗುಳಿಗೆಯೇ ಹಾಲನ್ನು ತಂದಂತೆ ಕಾಣುತ್ತದೆ. ನಿಜವಾಗಿ ಗುಳಿಗೆಗೂ ಹಾಲಿಗೂ ಒಂದೇ ಮೂಲ, ಆ ಗಂತಿ. ಅದು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಆದರೆ ದೊಡ್ಡದಾದರೆ ಮೇಲೆ ಹಾದುಹೋಗುವ ಕಣ್ಣಿನ ನರಗಳ ಕತ್ತರಿಯನ್ನು ಒತ್ತುತ್ತದೆ. ಆಗ ಎರಡು ಕಣ್ಣುಗಳಿಗೂ ಹೊರಬದಿಯ ದೃಶ್ಯ ಮಸುಕಾಗುತ್ತದೆ: ಮುಂದಿನ ಹಲಗೆ ಕಾಣುತ್ತದೆ, ಪಕ್ಕದಿಂದ ಬರುವ ಸೈಕಲ್ಲು ಕಾಣುವುದಿಲ್ಲ. ಗುಳಿಗೆಯನ್ನು ಬೈದು ಸುಮ್ಮನಿದ್ದುದರ ಬೆಲೆ ಇದಾದೀತು.

ಇದೇ ಬಗೆಯ ಮರೆಮಾಚು ಇನ್ನೂ ಇವೆ. ಎದೆಯ ಮೇಲೆ ಸರ್ಪಸುತ್ತು ಎದ್ದವರೂ ಅಲ್ಲಿ ಸುಟ್ಟುಕೊಂಡವರೂ ಶಸ್ತ್ರಚಿಕಿತ್ಸೆಯಾದವರೂ ನೋವಿಗೆ ಗುಳಿಗೆ ತೆಗೆದುಕೊಳ್ಳುತ್ತಾರೆ. ಕೆರಳಿದ ಎದೆಯ ನರಗಳು, ಮಗು ಚೀಪುತ್ತಿದೆಯೆಂಬ ಸುಳ್ಳು ಸುದ್ದಿಯನ್ನು ಮಿದುಳಿಗೆ ಕಳುಹಿಸಿ ಹಾಲು ತರಿಸುವುದುಂಟು. ಥೈರಾಯ್ಡ್ ಸೋತವರಿಗೆ ಮೈಕೈ ನೋವು, ಅದಕ್ಕೊಂದು ಗುಳಿಗೆ; ಹಾಲು ಥೈರಾಯ್ಡಿನದು, ಅಪವಾದ ಗುಳಿಗೆಗೆ. ಒಂದು ವಕ್ರದಾರಿಯಲ್ಲಿ ಮಾತ್ರ ಗುಳಿಗೆಗೆ ನಿಜವಾದ ಹೊಣೆ ಬರಬಹುದು: ಬಹುಕಾಲ ವಿಪರೀತವಾಗಿ ನುಂಗಿ ಮೂತ್ರಪಿಂಡಗಳು ಕೆಟ್ಟರೆ, ಪ್ರೊಲ್ಯಾಕ್ಟಿನ್ ರಕ್ತದಿಂದ ಸರಿಯಾಗಿ ಹೊರಹೋಗದೆ ಏರುತ್ತದೆ. ಆ ಹೊತ್ತಿಗೆ ಹಾಲು ಆ ರೋಗಿಯ ಚಿಂತೆಗಳಲ್ಲಿ ಅತಿ ಚಿಕ್ಕದಾಗಿರುತ್ತದೆ.

ನಮ್ಮ ದೇಶಕ್ಕೆ ವಿಶೇಷವಾಗಿ ಸಲ್ಲುವ ಇನ್ನೊಂದು ಸಂಗತಿಯಿದೆ. ಅರೆತಲೆನೋವಿನಲ್ಲಿ ವಾಂತಿಯೂ ಬರುವುದರಿಂದ ಪ್ಯಾರಸಿಟಮಾಲ್ ಅಥವಾ ನ್ಯಾಪ್ರೊಕ್ಸೆನ್ ಜೊತೆಗೆ ಡೊಂಪೆರಿಡೋನ್ ಬೆರೆಸಿದ ಗುಳಿಗೆಗಳು ಇಲ್ಲಿ ಮಾರಾಟದಲ್ಲಿವೆ. ನುಂಗುವವರ ಬಾಯಲ್ಲಿ ಅದು ಬರಿಯ 'ತಲೆನೋವಿನ ಗುಳಿಗೆ'. ನೋವು ನಿವಾರಕದಿಂದ ಹಾಲು ಬಂದಿತೆಂದು ಆಕೆ ಹೇಳಿದರೆ ಸುಳ್ಳೇನೂ ಅಲ್ಲ. ಆದರೆ ಅಪರಾಧಿ ನೋವು ಕಳೆಯುವ ಅಂಶವಲ್ಲ, ಅದರ ಬೆನ್ನ ಹಿಂದೆ ಅಡಗಿ ಬಂದದ್ದು. ಎರಡು ಮೂರು ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಅದುಮಿ ಒಂದೇ ಹೆಸರಿನಲ್ಲಿ ಮಾರುವ ಪದ್ಧತಿ, ಕಾರಣವನ್ನು ಹುಡುಕುವವರ ಕಣ್ಣಿಗೆ ಮಣ್ಣೆರಚುವ ಪದ್ಧತಿಯೆಂದೇ ಈ ಲೇಖಕನ ಅಭಿಪ್ರಾಯ.

ಒಬ್ಬ ವ್ಯಕ್ತಿಯಲ್ಲಿ ಕಾರಣವನ್ನು ಪರೀಕ್ಷಿಸುವ ನೇರವಾದ ದಾರಿ ಮೂಲವನ್ನು ತೆಗೆದು ನೋಡುವುದು. ಐಬುಪ್ರೊಫೆನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ವಿಕಿರಣಶೀಲ ವಸ್ತುವಿನ ಅರ್ಧಾಯುಷ್ಯದ ಲೆಕ್ಕವನ್ನು ಬಲ್ಲ ವಿದ್ಯಾರ್ಥಿ ಇಪ್ಪತ್ತು ಗಂಟೆಗಳಲ್ಲಿ ಸಾವಿರದಲ್ಲೊಂದು ಪಾಲಷ್ಟೆ ಉಳಿಯುತ್ತದೆಂದು ತಾನೇ ಹೇಳಿಯಾನು. ಸಂಶಯವಿರುವ ಔಷಧಿಯನ್ನು ಮೂರು ದಿನ ನಿಲ್ಲಿಸಿ ಪ್ರೊಲ್ಯಾಕ್ಟಿನ್ನನ್ನು ಮತ್ತೆ ಅಳೆಯುವುದು ವೈದ್ಯರ ಕ್ರಮ. ಇಳಿಯದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಮನೋರೋಗದ ಔಷಧಿಗಳನ್ನು ಮಾತ್ರ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು. ರಕ್ತ ತೆಗೆಯುವ ಸೂಜಿಯ ಭಯವೇ ಪ್ರೊಲ್ಯಾಕ್ಟಿನ್ನನ್ನು ಕೊಂಚ ಏರಿಸುವುದರಿಂದ ಸ್ವಲ್ಪವೇ ಹೆಚ್ಚಾದ ಅಂಕವನ್ನು ನೋಡಿ ಗಾಬರಿಯಾಗಬೇಕಾಗಿಲ್ಲ. ಗರ್ಭ, ಥೈರಾಯ್ಡ್, ಮೂತ್ರಪಿಂಡಗಳ ಪರೀಕ್ಷೆ ಮೊದಲು. ಅಗತ್ಯವಾದರೆ ಕಾಂತಕ್ಷೇತ್ರದಲ್ಲಿಟ್ಟು ತೆಗೆಯುವ ಮಿದುಳಿನ ಚಿತ್ರ. ಗಂತಿಯೇ ಇದ್ದರೂ ಕ್ಯಾಬರ್ಗೊಲೀನ್ ಎಂಬ ಗುಳಿಗೆ, ಡೋಪಮೀನಿನ ವೇಷ ತೊಟ್ಟು ಬೆಣೆಯನ್ನು ಮತ್ತೆ ಬಡಿದು, ಬಹುಪಾಲು ರೋಗಿಗಳಲ್ಲಿ ಕತ್ತಿಯ ಅಗತ್ಯವಿಲ್ಲದೆ ಅದನ್ನು ಕುಗ್ಗಿಸುತ್ತದೆ. ಒಂದೇ ಸ್ತನದಿಂದ, ಅಥವಾ ರಕ್ತ ಬೆರೆತು ಒಸರಿದರೆ ಅದು ಅಕಾಲಸ್ತನ್ಯವಲ್ಲದಿರಬಹುದು. ಅದನ್ನು ತಡಮಾಡದೆ ತೋರಿಸಬೇಕು.

ಭಾರತದಲ್ಲಿ ಔಷಧಿಗಳ ದುಷ್ಪರಿಣಾಮದ ದೂರುಗಳನ್ನು ಸಂಗ್ರಹಿಸುವ ರಾಷ್ಟ್ರೀಯ ಯೋಜನೆ 2010ರಲ್ಲಿ ಆರಂಭವಾಯಿತು. 2011ರಿಂದ ಅದರ ಕೇಂದ್ರ ಗಾಜಿಯಾಬಾದಿನ ಭಾರತೀಯ ಔಷಧಸಂಹಿತೆ ಆಯೋಗದಲ್ಲಿದೆ. ವೈದ್ಯರಷ್ಟೇ ಅಲ್ಲ, ರೋಗಿಗಳೂ ಅಲ್ಲಿಗೆ ಬರೆಯಬಹುದು. ಅಂಥ ದೂರು ಉಪಯೋಗಕ್ಕೆ ಬರಬೇಕಾದರೆ ಆ ದಿನಗಳಲ್ಲಿ ನುಂಗಿದ ಪ್ರತಿಯೊಂದು ಔಷಧಿಯ ಒಳಗಿನ ಅಂಶಗಳೂ ಆರಂಭಿಸಿದ ಮತ್ತು ನಿಲ್ಲಿಸಿದ ದಿನಾಂಕಗಳೂ ಅದರಲ್ಲಿರಬೇಕು. ಇಲ್ಲಿಯೇ ಒಂದು ಸಣ್ಣ ತೊಡಕು ಬರುತ್ತದೆ. ನಮ್ಮ ಔಷಧಿ ಅಂಗಡಿಗಳಲ್ಲಿ ಎರಡೇ ಗುಳಿಗೆ ಕೇಳಿದರೆ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಒಳಗಿನ ಅಂಶಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿದ ಭಾಗ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಕತ್ತರಿಸುವ ಮೊದಲು ಅದನ್ನು ಓದಿ ಬರೆದುಕೊಳ್ಳುವುದಕ್ಕೆ ಅರ್ಧ ನಿಮಿಷ ಸಾಕು.